ಕೈ ತೊಳೆಯಲು ಕಲಿಸಿದ ವೈದ್ಯರು

ಮನೆಗೆ ಹೊಸ ಕೂಸು ಬಂದರೆ ಎಲ್ಲರಿಗೂ ಸಂತೋಷ. ನೆರೆಹೊರೆಯವರು, ನೆಂಟರು ಕೂಸನ್ನು ನೋಡಲು ಬರುತ್ತಾರೆ. ಆಗ ಮನೆಯ ಹಿರಿಯರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಕೈಕಾಲು ತೊಳೆದು ಬಂದು ಕೂಸನ್ನು ಮುಟ್ಟಬೇಕು ಎನ್ನುತ್ತಾರೆ. ಆಸ್ಪತ್ರೆಯಲ್ಲಿಯೂ ಇದೇ ನಿಯಮ. ಹಸುಗೂಸುಗಳನ್ನು ಇರಿಸಿದ ಕೋಣೆಗೆ ಹೋಗುವ ವೈದ್ಯರು, ದಾದಿಯರು ಮೊದಲು ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳುತ್ತಾರೆ.

ಇದು ಎಷ್ಟು ಸುಲಭವಾದ ಕೆಲಸ! ಆದರೆ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳ ವೈದ್ಯರಿಗೂ ಇದರ ಮಹತ್ವ ತಿಳಿದಿರಲಿಲ್ಲ. ಅದರಿಂದ ಸಾವಿರಾರು ತಾಯಂದಿರು, ಹಸುಗೂಸುಗಳು ಪ್ರಾಣ ಕಳೆದುಕೊಂಡರು. ಈ ಸತ್ಯವನ್ನು ಕಂಡುಹಿಡಿದು, ಅದನ್ನು ಸಾರಲು ತಮ್ಮ ಬಾಳನ್ನೇ ಸವೆಸಿದ ವೈದ್ಯರೊಬ್ಬರಿದ್ದರು. ಅವರೇ ಇಗ್ನಾಜ್ ಸೆಮ್ಮೆಲ್‌ವೈಸ್.

ಯುರೋಪ್ ಖಂಡದಲ್ಲಿ ಹಂಗೆರಿ ಎಂಬ ದೇಶವಿದೆ. ಅಲ್ಲಿ ಡ್ಯಾನ್ಯೂಬ್ ಎಂಬ ದೊಡ್ಡ ನದಿ ಹರಿಯುತ್ತದೆ. ಹಿಂದೆ ಈ ನದಿಯ ಒಂದು ದಡದಲ್ಲಿ ಬುಡಾ, ಇನ್ನೊಂದು ದಡದಲ್ಲಿ ಪೆಸ್ಟ್ ಎಂಬ ಎರಡು ಊರುಗಳಿದ್ದವು. 1873ರಲ್ಲಿ ಇವು ಒಂದಾಗಿ ಬುಡಾಪೆಸ್ಟ್ ನಗರವಾಯಿತು. ಸೆಮ್ಮೆಲ್‌ವೈಸ್ ಹುಟ್ಟಿದ್ದು ಬುಡಾ ಊರಿನಲ್ಲಿ, 1818ರ ಜುಲೈ 1ರಂದು. ತಂದೆ ದಿನಸಿ ವ್ಯಾಪಾರಿ. ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು. ಮನೆ ತುಂಬ ಮಕ್ಕಳು. ಮಗ ಕಾನೂನು ಓದಲೆಂದು ತಂದೆ 1837ರಲ್ಲಿ ಅವರನ್ನು ವಿಯೆನ್ನಾ ನಗರಕ್ಕೆ ಕಳುಹಿಸಿದರು.

ವಿಯೆನ್ನಾ ಆಗ ಆಸ್ಟ್ರಿಯಾ ಸಾಮ್ರಾಜ್ಯದ ರಾಜಧಾನಿ. ಹಂಗೆರಿಯೂ ಆ ಸಾಮ್ರಾಜ್ಯಕ್ಕೆ ಸೇರಿತ್ತು. ವಿಯೆನ್ನಾದ ವೈದ್ಯಕೀಯ ಶಾಲೆ ಬಹಳ ಹೆಸರುವಾಸಿಯಾಗಿತ್ತು. ದೂರ ದೂರದ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಸೆಮ್ಮೆಲ್‌ವೈಸರ ಮನಸ್ಸು ಕಾನೂನಿನಲ್ಲಿ ನಿಲ್ಲಲಿಲ್ಲ. ಮರುವರ್ಷವೇ ಅವರು ಕಾನೂನನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಓದತೊಡಗಿದರು. 1844ರಲ್ಲಿ ವೈದ್ಯರಾದರು. 1846ರ ಜುಲೈ ತಿಂಗಳಲ್ಲಿ ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾಗಿ ಕೆಲಸಕ್ಕೆ ಸೇರಿದರು. ಅವರ ಮೇಲಧಿಕಾರಿ ಪ್ರೊಫೆಸರ್ ಯೋಹಾನ್ ಕ್ಲೈನ್.

ಆ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಹಣ ಪಡೆಯದೆ ಹೆರಿಗೆ ಮಾಡಿಸುತ್ತಿದ್ದರು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯ ವಿಭಾಗದಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಎರಡನೆಯ ವಿಭಾಗದಲ್ಲಿ ಸೂಲಗಿತ್ತಿಯರಿಗೆ ತರಬೇತಿ ನಡೆಯುತ್ತಿತ್ತು. ಒಂದು ದಿನ ಬಂದವರನ್ನು ಒಂದನೆಯ ವಿಭಾಗಕ್ಕೆ, ಮರುದಿನ ಬಂದವರನ್ನು ಎರಡನೆಯ ವಿಭಾಗಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಆ ಕಾಲದಲ್ಲಿ ಬಾಣಂತಿಯರನ್ನು ಒಂದು ಭಯಂಕರ ರೋಗ ಕಾಡುತ್ತಿತ್ತು. ಅದಕ್ಕೆ ಬಾಣಂತಿ ಜ್ವರ ಎಂದು ಹೆಸರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಗೆ ಚಳಿಜ್ವರ ಬರುತ್ತಿತ್ತು. ಹೊಟ್ಟೆ ಊದಿಕೊಂಡು ತಡೆಯಲಾರದ ನೋವಾಗುತ್ತಿತ್ತು. ನಂಜು ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತಿತ್ತು. ಅನೇಕರು ಬದುಕುತ್ತಿರಲಿಲ್ಲ. ಎಷ್ಟೋ ವೇಳೆ ತಾಯಿಯ ಪಕ್ಕದಲ್ಲಿ ಮಲಗಿದ ಹಸುಗೂಸೂ ಸಾಯುತ್ತಿತ್ತು.

ಈ ಜ್ವರ ಎರಡು ವಿಭಾಗಗಳಲ್ಲಿಯೂ ಇತ್ತು. ಆದರೆ ಒಂದೇ ಪ್ರಮಾಣದಲ್ಲಿ ಇರಲಿಲ್ಲ. 1846ರ ಲೆಕ್ಕವನ್ನು ನೋಡಿರಿ. ಆ ವರ್ಷ ಒಂದನೆಯ ವಿಭಾಗದಲ್ಲಿ 4010 ಹೆರಿಗೆಗಳಾದವು. 459 ತಾಯಂದಿರು ಸತ್ತರು. ಎರಡನೆಯ ವಿಭಾಗದಲ್ಲಿ 3754 ಹೆರಿಗೆಗಳಾದವು. 105 ತಾಯಂದಿರು ಸತ್ತರು. ಅಂದರೆ ಓದಿದ ವೈದ್ಯರಿದ್ದ ಕಡೆಯೇ ಸಾವು ನಾಲ್ಕು ಪಟ್ಟು ಹೆಚ್ಚಾಗಿತ್ತು!

ಈ ಸಂಗತಿ ಊರಿನ ಬಡ ಹೆಂಗಸರಿಗೂ ತಿಳಿದಿತ್ತು. ಒಂದನೆಯ ವಿಭಾಗದ ಸರದಿಯ ದಿನ ಬಂದವರು ಹೆದರಿ ಅಳುತ್ತಿದ್ದರು. ತಮ್ಮನ್ನು ಎರಡನೆಯ ವಿಭಾಗಕ್ಕೆ ಸೇರಿಸಿರೆಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಕೆಲವರಿಗೆ ಆಸ್ಪತ್ರೆಗೆ ಬರುವ ದಾರಿಯಲ್ಲಿ, ಬೀದಿಯಲ್ಲಿಯೇ ಹೆರಿಗೆಯಾಗುತ್ತಿತ್ತು. ಆಶ್ಚರ್ಯವೆಂದರೆ, ಬೀದಿಯಲ್ಲಿ ಹೆತ್ತವರಿಗೆ ಈ ಜ್ವರ ಬರುವುದು ತೀರ ಅಪರೂಪವಾಗಿತ್ತು.

ಸೆಮ್ಮೆಲ್‌ವೈಸರ ಮನಸ್ಸಿಗೆ ಇದು ಮುಳ್ಳಿನಂತೆ ಚುಚ್ಚಿತು. ಊಟ ರುಚಿಸಲಿಲ್ಲ. ನೆಮ್ಮದಿ ಇಲ್ಲವಾಯಿತು. ಅಂದಿನ ಪಂಡಿತರು ಈ ಜ್ವರಕ್ಕೆ ಗಾಳಿಯಲ್ಲಿರುವ ಯಾವುದೋ ಕೆಟ್ಟ ಗುಣ ಕಾರಣವೆಂದು ನಂಬಿದ್ದರು. ಸೆಮ್ಮೆಲ್‌ವೈಸ್ ಇದನ್ನು ಸುಮ್ಮನೆ ಒಪ್ಪಲಿಲ್ಲ. ಎರಡು ವಿಭಾಗಗಳೂ ಅಕ್ಕಪಕ್ಕದಲ್ಲಿವೆ. ಎರಡಕ್ಕೂ ಬೀಸುವ ಗಾಳಿ ಒಂದೇ. ಹಾಗಾದರೆ ಒಂದರಲ್ಲಿ ಮಾತ್ರ ಸಾವು ಏಕೆ ಹೆಚ್ಚು? ಹೀಗೆ ಅವರು ಯೋಚಿಸಿದರು. ಎರಡು ವಿಭಾಗಗಳಲ್ಲಿ ಇರುವ ವ್ಯತ್ಯಾಸಗಳನ್ನು ಒಂದೊಂದಾಗಿ ಹುಡುಕತೊಡಗಿದರು.

ಒಂದನೆಯ ವಿಭಾಗದಲ್ಲಿ ಜನಸಂದಣಿ ಹೆಚ್ಚಿದೆಯೇ? ಇಲ್ಲ. ಸಾವಿಗೆ ಹೆದರಿದ ಹೆಂಗಸರು ಎರಡನೆಯ ವಿಭಾಗಕ್ಕೇ ಹೋಗಲು ಬಯಸುತ್ತಿದ್ದುದರಿಂದ ಅಲ್ಲಿಯೇ ಸಂದಣಿ ಹೆಚ್ಚಾಗಿತ್ತು. ಊಟದಲ್ಲಿ ವ್ಯತ್ಯಾಸವಿದೆಯೇ? ಅದೂ ಇಲ್ಲ. ಎರಡನೆಯ ವಿಭಾಗದಲ್ಲಿ ಹೆಂಗಸರನ್ನು ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸುತ್ತಿದ್ದರು. ಸೆಮ್ಮೆಲ್‌ವೈಸ್ ತಮ್ಮ ವಿಭಾಗದಲ್ಲಿಯೂ ಹಾಗೆಯೇ ಮಾಡಿಸಿದರು. ಸಾವು ಕಡಿಮೆಯಾಗಲಿಲ್ಲ.

ಸಾಯುವವರಿಗಾಗಿ ಪ್ರಾರ್ಥನೆ ಮಾಡಲು ಒಬ್ಬ ಪಾದ್ರಿ ಬರುತ್ತಿದ್ದರು. ಒಂದನೆಯ ವಿಭಾಗದಲ್ಲಿ ಅವರು ಹಲವು ಕೋಣೆಗಳನ್ನು ದಾಟಿ ಹೋಗಬೇಕಾಗಿತ್ತು. ಅವರ ಮುಂದೆ ಸೇವಕನೊಬ್ಬ ಗಂಟೆ ಬಾರಿಸುತ್ತ ನಡೆಯುತ್ತಿದ್ದ. ಆ ಸದ್ದು ಕೇಳಿ ಬಾಣಂತಿಯರು ನಡುಗುತ್ತಿದ್ದರು. ಈ ಭಯದಿಂದಲೇ ಜ್ವರ ಬರಬಹುದೆಂದು ಕೆಲವರು ಹೇಳುತ್ತಿದ್ದರು. ಸೆಮ್ಮೆಲ್‌ವೈಸರ ಕೋರಿಕೆಯಂತೆ ಪಾದ್ರಿ ಬೇರೆ ದಾರಿಯಿಂದ, ಗಂಟೆ ಬಾರಿಸದೆ ಬಂದರು. ಆಗಲೂ ಸಾವು ಕಡಿಮೆಯಾಗಲಿಲ್ಲ.

ಹೀಗೆ ಒಂದೊಂದೇ ಕಾರಣವನ್ನು ಪರೀಕ್ಷಿಸಿ ನೋಡಿ, ಸರಿಯಲ್ಲವೆಂದು ತಿಳಿದ ಮೇಲೆ ಅದನ್ನು ಬದಿಗಿಟ್ಟರು. ನಿಜವಾದ ಕಾರಣ ಮಾತ್ರ ಸಿಗಲಿಲ್ಲ.

1847ರ ಮಾರ್ಚ್ ತಿಂಗಳಲ್ಲಿ ಅವರು ವೆನಿಸ್ ನಗರಕ್ಕೆ ಹೋಗಿ ಮರಳಿದರು. ಬಂದೊಡನೆ ಒಂದು ದುಃಖದ ಸುದ್ದಿ ಕಾದಿತ್ತು. ಅವರ ಗೆಳೆಯ ಪ್ರೊಫೆಸರ್ ಯಾಕೋಬ್ ಕೊಲೆಚ್ಕಾ ತೀರಿಕೊಂಡಿದ್ದರು. ಕೊಲೆಚ್ಕಾ ಶವಪರೀಕ್ಷೆಯಲ್ಲಿ ಪರಿಣತರು. ಸತ್ತವರ ದೇಹವನ್ನು ಕೊಯ್ದು, ಸಾವಿಗೆ ಕಾರಣವೇನೆಂದು ತಿಳಿಯುವುದೇ ಶವಪರೀಕ್ಷೆ. ಒಂದು ದಿನ ಹೀಗೆ ಕೆಲಸ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತು. ಸಣ್ಣ ಗಾಯವಾಯಿತು. ಆ ಗಾಯದಿಂದ ನಂಜು ಮೈಗೆ ಏರಿತು. ಜ್ವರ ಬಂದು ಅವರು ಸತ್ತರು.

ಸೆಮ್ಮೆಲ್‌ವೈಸ್ ಗೆಳೆಯನ ಶವಪರೀಕ್ಷೆಯ ವರದಿಯನ್ನು ತರಿಸಿ ಓದಿದರು. ಓದುತ್ತಿದ್ದಂತೆ ಅವರಿಗೆ ಮಿಂಚು ಹೊಳೆದಂತಾಯಿತು. ಬಾಣಂತಿ ಜ್ವರದಿಂದ ಸತ್ತ ತಾಯಂದಿರ ದೇಹದಲ್ಲಿ ಅವರು ಯಾವ ಗುರುತುಗಳನ್ನು ಕಂಡಿದ್ದರೋ ಅವೇ ಗುರುತುಗಳು ಇಲ್ಲಿಯೂ ಇದ್ದವು. ಸತ್ತ ಹಸುಗೂಸುಗಳ ದೇಹದಲ್ಲಿಯೂ ಅಂಥವೇ ಗುರುತುಗಳು ಕಂಡಿದ್ದವು. ಕೊಲೆಚ್ಕಾ ಬಾಣಂತಿಯಲ್ಲ, ಕೂಸೂ ಅಲ್ಲ. ಆದರೂ ಅವರಿಗೆ ಬಂದದ್ದು ಅದೇ ರೋಗ. ಹಾಗಾದರೆ ಇದು ಬಾಣಂತಿಯರಿಗೆ ಮಾತ್ರ ಬರುವ ರೋಗವಲ್ಲ. ಇದು ರಕ್ತಕ್ಕೆ ನಂಜು ಸೇರಿ ಬರುವ ರೋಗ. ಕೊಲೆಚ್ಕಾರ ಮೈಗೆ ನಂಜನ್ನು ತಂದದ್ದು ಶವ ಕೊಯ್ದ ಚಾಕು. ತಾಯಂದಿರ ಮೈಗೆ ತಂದದ್ದು ಯಾವುದು?

ಉತ್ತರ ಅವರ ಕಣ್ಣ ಮುಂದೆಯೇ ಇತ್ತು. ಪ್ರತಿದಿನ ಬೆಳಿಗ್ಗೆ ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆ ಮಾಡುತ್ತಿದ್ದರು. ಅಲ್ಲಿಂದ ಹೆರಿಗೆ ಕೋಣೆಗೆ ಬರುತ್ತಿದ್ದರು. ನೀರು, ಸಾಬೂನು ಬಳಸಿದರೂ ಕೈಗೆ ಹತ್ತಿದ ಶವದ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಗಳಿಂದ ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ಎರಡನೆಯ ವಿಭಾಗದ ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತ ತಾಯಂದಿರನ್ನು ಹೆರಿಗೆಗೆ ಮುಂಚೆ ಆ ಕೈಗಳು ಪರೀಕ್ಷಿಸುತ್ತಿರಲಿಲ್ಲ. ಸಾವನ್ನು ಹೊತ್ತು ತರುತ್ತಿದ್ದುದು ವೈದ್ಯರ ಕೈಗಳೇ!

ಈ ಸತ್ಯ ಸೆಮ್ಮೆಲ್‌ವೈಸರಿಗೂ ಕಹಿಯಾಗಿತ್ತು. ಏಕೆಂದರೆ ರೋಗದ ಕಾರಣವನ್ನು ತಿಳಿಯುವ ಆಸೆಯಿಂದ ಅವರು ಎಲ್ಲರಿಗಿಂತ ಹೆಚ್ಚು ಶವಪರೀಕ್ಷೆ ಮಾಡಿದ್ದರು. ತಮ್ಮ ಕೈಯಿಂದಲೂ ಎಷ್ಟೋ ತಾಯಂದಿರು ಸತ್ತಿರಬೇಕೆಂದು ಅವರಿಗೆ ಅರಿವಾಯಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ. ಮುಂದೆ ತಮ್ಮ ಪುಸ್ತಕದಲ್ಲಿ ಅದನ್ನು ಸ್ಪಷ್ಟವಾಗಿ ಬರೆದರು.

1847ರ ಮೇ ತಿಂಗಳ ನಡುವೆ ಅವರು ಒಂದು ಹೊಸ ನಿಯಮವನ್ನು ತಂದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಕ್ಲೋರಿನ್ ಬೆರೆಸಿದ ನೀರಿನ ಬೋಗುಣಿಯನ್ನು ಇಡಿಸಿದರು. ಒಳಗೆ ಬರುವ ಪ್ರತಿಯೊಬ್ಬರೂ ಆ ನೀರಿನಲ್ಲಿ ಕೈಗಳನ್ನು ಉಜ್ಜಿ ತೊಳೆಯಬೇಕು. ಶವದ ವಾಸನೆ ಪೂರ್ತಿಯಾಗಿ ಹೋಗಬೇಕು. ಕೆಲವು ಕಾಲದ ನಂತರ ಕಡಿಮೆ ಬೆಲೆಯ ಕ್ಲೋರಿನ್ ಸುಣ್ಣವನ್ನು ಬಳಸತೊಡಗಿದರು. ಇದು ಬೇರೇನೂ ಅಲ್ಲ, ನಮ್ಮ ಊರಿನ ಬಾವಿ, ನೀರಿನ ತೊಟ್ಟಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯೇ. ಅದರಿಂದ ಕೈ ಉರಿಯುತ್ತಿತ್ತು. ವಿದ್ಯಾರ್ಥಿಗಳು ಗೊಣಗುತ್ತಿದ್ದರು. ಸೆಮ್ಮೆಲ್‌ವೈಸ್ ಮಾತ್ರ ಯಾರಿಗೂ ವಿನಾಯಿತಿ ಕೊಡಲಿಲ್ಲ.

ಫಲ ಏನಾಯಿತು? ಆ ವರ್ಷದ ಏಪ್ರಿಲ್‌ನಲ್ಲಿ 312 ತಾಯಂದಿರಲ್ಲಿ 57 ಮಂದಿ ಸತ್ತಿದ್ದರು. ಜೂನ್ ತಿಂಗಳಲ್ಲಿ 268 ತಾಯಂದಿರಲ್ಲಿ 6 ಮಂದಿ ಮಾತ್ರ ಸತ್ತರು. ಜುಲೈ ತಿಂಗಳಲ್ಲಿ 250 ತಾಯಂದಿರಲ್ಲಿ 3 ಮಂದಿ. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಆ ಇಡೀ ವರ್ಷದಲ್ಲಿ 3556 ತಾಯಂದಿರಲ್ಲಿ 45 ಮಂದಿ ಮಾತ್ರ ತೀರಿಕೊಂಡರು. ಎರಡು ವರ್ಷಗಳ ಹಿಂದೆ ಈ ಸಂಖ್ಯೆ 459 ಆಗಿತ್ತೆಂಬುದನ್ನು ನೆನಪಿಸಿಕೊಳ್ಳಿರಿ.

ನಡುವೆ ಒಂದು ದುರಂತವೂ ನಡೆಯಿತು. 1847ರ ಅಕ್ಟೋಬರ್ ತಿಂಗಳಲ್ಲಿ ಕೀವು ಸೋರುವ ರೋಗವಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವೈದ್ಯರು ಮೊದಲು ಅವಳನ್ನು ಪರೀಕ್ಷಿಸಿ, ಕೈಯನ್ನು ಸಾಬೂನಿನಿಂದ ಮಾತ್ರ ತೊಳೆದು ಉಳಿದವರನ್ನು ಪರೀಕ್ಷಿಸಿದರು. ಅವಳ ಜೊತೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಇದರಿಂದ ಸೆಮ್ಮೆಲ್‌ವೈಸ್ ಇನ್ನೊಂದು ಪಾಠ ಕಲಿತರು. ನಂಜು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯ ಹುಣ್ಣಿನಿಂದಲೂ ಹರಡುತ್ತದೆ. ಆದ್ದರಿಂದ ಒಬ್ಬ ರೋಗಿಯನ್ನು ಮುಟ್ಟಿದ ಮೇಲೆ, ಇನ್ನೊಬ್ಬರನ್ನು ಮುಟ್ಟುವ ಮೊದಲು ಪ್ರತಿ ಸಲವೂ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಯಬೇಕೆಂದು ನಿಯಮ ಮಾಡಿದರು. ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿ ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಕೈ ಶುಚಿ ಮಾಡಿಕೊಳ್ಳಬೇಕೆಂಬ ನಿಯಮವಿದೆ.

ಹಸುಗೂಸುಗಳ ವಿಷಯವನ್ನೂ ಅವರು ಮರೆಯಲಿಲ್ಲ. ತಾಯಿಯ ರಕ್ತದಲ್ಲಿ ನಂಜು ಸೇರಿದ್ದರೆ, ಹುಟ್ಟುವ ಮೊದಲೇ ಅದು ಮಗುವಿಗೂ ದಾಟಬಹುದೆಂದು ಅವರು ತರ್ಕಿಸಿದರು. ಹೆಣ್ಣುಕೂಸು, ಗಂಡುಕೂಸು ಎಂಬ ಭೇದವಿಲ್ಲದೆ ಅವು ತಾಯಿಯಂತೆಯೇ ಸಾಯುತ್ತಿದ್ದವು. ತಾಯಂದಿರು ಉಳಿದಾಗ ಕೂಸುಗಳಲ್ಲಿಯೂ ಈ ರೋಗ ಕಡಿಮೆಯಾಯಿತು. ಒಂದು ಬೋಗುಣಿ ನೀರು ಎರಡು ಜೀವಗಳನ್ನು ಕಾಯುತ್ತಿತ್ತು.

ಇಷ್ಟು ಒಳ್ಳೆಯ ಫಲವನ್ನು ಕಂಡು ಎಲ್ಲರೂ ಸಂತೋಷಪಟ್ಟಿರಬೇಕು ಎಂದು ನಿಮಗೆ ಅನಿಸಬಹುದು. ಆದರೆ ಹಾಗಾಗಲಿಲ್ಲ. ಸ್ಕೋಡಾ, ಹೆಬ್ರಾ ಮುಂತಾದ ಕೆಲವು ವೈದ್ಯರು ಅವರ ಬೆಂಬಲಕ್ಕೆ ನಿಂತರು. ಹೆಬ್ರಾ ಅವರು ಈ ವಿಷಯವನ್ನು ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು. ಆದರೆ ಹಲವು ಹಿರಿಯ ವೈದ್ಯರು ಒಪ್ಪಲಿಲ್ಲ. ರೋಗವನ್ನು ಗುಣಪಡಿಸುವ ತಮ್ಮ ಕೈಗಳೇ ರೋಗವನ್ನು ತರುತ್ತವೆ ಎಂಬ ಮಾತನ್ನು ಅವರು ಸಹಿಸಲಿಲ್ಲ. ಕೈಗೆ ಹತ್ತಿದ, ಕಣ್ಣಿಗೆ ಕಾಣದ ವಸ್ತುವೊಂದು ಮನುಷ್ಯನನ್ನು ಕೊಲ್ಲಬಲ್ಲದೇ ಎಂದು ಕೇಳಿದರು. ರೋಗಾಣುಗಳ ವಿಷಯ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸೆಮ್ಮೆಲ್‌ವೈಸರಿಗೂ ತಿಳಿದಿರಲಿಲ್ಲ. ಅವರ ಬಳಿ ಇದ್ದುದು ಲೆಕ್ಕದ ಅಂಕಿಗಳು ಮಾತ್ರ.

ಅವರದೂ ಒಂದು ಕೊರತೆಯಿತ್ತು. ಅವರಿಗೆ ಬರವಣಿಗೆಯಲ್ಲಿ ಆಸಕ್ತಿ ಇರಲಿಲ್ಲ. ತಾವು ಕಂಡ ಸತ್ಯವನ್ನು ವಿವರವಾಗಿ ಬರೆದು ಎಲ್ಲ ದೇಶಗಳ ವೈದ್ಯರಿಗೆ ತಿಳಿಸಲು ತಡಮಾಡಿದರು. ಹೀಗಾಗಿ ಅನೇಕರು ಅವರ ವಿಚಾರವನ್ನು ತಪ್ಪಾಗಿ ಅರ್ಥಮಾಡಿಕೊಂಡರು.

1849ರಲ್ಲಿ ಅವರ ಕೆಲಸದ ಅವಧಿ ಮುಗಿಯಿತು. ಪ್ರೊಫೆಸರ್ ಕ್ಲೈನ್ ಅದನ್ನು ಮುಂದುವರಿಸಲಿಲ್ಲ. ಬೇಸರಗೊಂಡ ಸೆಮ್ಮೆಲ್‌ವೈಸ್ 1850ರಲ್ಲಿ ವಿಯೆನ್ನಾವನ್ನು ಬಿಟ್ಟು ತಮ್ಮ ನಾಡಿಗೆ ಮರಳಿದರು.

ಪೆಸ್ಟ್ ಊರಿನಲ್ಲಿ ಸಂತ ರೋಕಸ್ ಎಂಬ ಆಸ್ಪತ್ರೆಯಿತ್ತು. 1851ರಲ್ಲಿ ಅಲ್ಲಿನ ಹೆರಿಗೆ ವಿಭಾಗದ ಹೊಣೆಯನ್ನು ಸಂಬಳವಿಲ್ಲದೆ ವಹಿಸಿಕೊಂಡರು. ಅಲ್ಲಿಯೂ ಬಾಣಂತಿ ಜ್ವರ ಹಾವಳಿ ಮಾಡುತ್ತಿತ್ತು. ಸೆಮ್ಮೆಲ್‌ವೈಸ್ ಬಂದೊಡನೆ ಕೈ ತೊಳೆಯುವ ನಿಯಮವನ್ನು ತಂದರು. 1851ರಿಂದ 1855ರವರೆಗೆ ಅಲ್ಲಿ 933 ಹೆರಿಗೆಗಳಾದವು. ಬಾಣಂತಿ ಜ್ವರದಿಂದ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ಅವರು ಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯ ಆಸ್ಪತ್ರೆಯಲ್ಲಿ ಒಮ್ಮೆ ಜ್ವರ ಮತ್ತೆ ಕಾಣಿಸಿಕೊಂಡಿತು. ಸೆಮ್ಮೆಲ್‌ವೈಸ್ ಹುಡುಕಿ ನೋಡಿದರು. ಹಾಸಿಗೆಯ ಬಟ್ಟೆಗಳನ್ನು ಸರಿಯಾಗಿ ಒಗೆಯದೆ ಮತ್ತೆ ಹಾಸುತ್ತಿದ್ದರು. ಅವರು ಹೋರಾಡಿ ಶುಚಿಯಾದ ಬಟ್ಟೆಗಳನ್ನು ಕೊಡುವ ಏರ್ಪಾಡು ಮಾಡಿಸಿದರು. ಕೈ ಮಾತ್ರವಲ್ಲ, ರೋಗಿಗೆ ತಗುಲುವ ಪ್ರತಿಯೊಂದು ವಸ್ತುವೂ ಶುಚಿಯಾಗಿರಬೇಕೆಂದು ತೋರಿಸಿಕೊಟ್ಟರು.

1857ರಲ್ಲಿ ಅವರ ವಿವಾಹ ಮಾರಿಯಾ ಎಂಬುವರೊಂದಿಗೆ ನಡೆಯಿತು. ಅವರಿಗೆ ಐದು ಮಕ್ಕಳು ಹುಟ್ಟಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಿಂದ ದೊಡ್ಡ ಹುದ್ದೆಗೆ ಕರೆ ಬಂತು. ಅವರು ಒಪ್ಪದೆ ತಮ್ಮ ನಾಡಿನಲ್ಲಿಯೇ ಉಳಿದರು.

ಕೊನೆಗೂ 1861ರಲ್ಲಿ ಬಾಣಂತಿ ಜ್ವರದ ಕಾರಣ ಮತ್ತು ಅದನ್ನು ತಡೆಯುವ ಬಗೆಯನ್ನು ಕುರಿತ ಅವರ ದೊಡ್ಡ ಪುಸ್ತಕ ಹೊರಬಂದಿತು. ಆದರೆ ಹಲವರು ಅದನ್ನು ಟೀಕಿಸಿದರು. ಇತ್ತ ಯುರೋಪಿನ ಆಸ್ಪತ್ರೆಗಳಲ್ಲಿ ತಾಯಂದಿರು ಸಾಯುತ್ತಲೇ ಇದ್ದರು. ತಡೆಯುವ ದಾರಿ ಗೊತ್ತಿದ್ದೂ ತಡೆಯದಿರುವುದನ್ನು ಕಂಡು ಸೆಮ್ಮೆಲ್‌ವೈಸರ ತಾಳ್ಮೆ ತಪ್ಪಿತು. ತಮ್ಮನ್ನು ವಿರೋಧಿಸಿದ ವೈದ್ಯರಿಗೆ ಬಹಿರಂಗ ಪತ್ರಗಳನ್ನು ಬರೆದರು. ಅವರನ್ನು ಕೊಲೆಗಾರರೆಂದು ಕರೆದರು. ಅವರ ಕಳಕಳಿ ನಿಜವಾದುದು. ಆದರೆ ಕಟುವಾದ ಮಾತುಗಳಿಂದ ವಿರೋಧ ಇನ್ನೂ ಹೆಚ್ಚಿತು.

ವರ್ಷಗಳು ಕಳೆದಂತೆ ಅವರ ಮನಸ್ಸಿನ ಆರೋಗ್ಯ ಕೆಟ್ಟಿತು. 1865ರ ಬೇಸಿಗೆಯಲ್ಲಿ ಅವರನ್ನು ವಿಯೆನ್ನಾದ ಬಳಿಯ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು ಅವರು ತೀರಿಕೊಂಡರು. ಆಗ ಅವರಿಗೆ 47 ವರ್ಷ. ಮೈಮೇಲೆ ಆಗಿದ್ದ ಗಾಯವು ಕೀವುಗಟ್ಟಿ, ನಂಜು ರಕ್ತಕ್ಕೆ ಸೇರಿತ್ತು. ಯಾವ ರೋಗದ ವಿರುದ್ಧ ಬಾಳೆಲ್ಲ ಹೋರಾಡಿದರೋ ಅಂಥ ರೋಗದಿಂದಲೇ ಅವರ ಬಾಳು ಮುಗಿಯಿತು.

ವಿಚಿತ್ರವೆಂದರೆ, ಅದಕ್ಕೆ ಒಂದು ದಿನ ಮೊದಲು, 1865ರ ಆಗಸ್ಟ್ 12ರಂದು, ದೂರದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಗಾಡಿಯ ಚಕ್ರ ಹರಿದು ಕಾಲು ಮುರಿದ ಹನ್ನೊಂದು ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದಿದ್ದರು. ಜೋಸೆಫ್ ಲಿಸ್ಟರ್ ಎಂಬ ವೈದ್ಯರು ಅವನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದರು. ಗಾಯ ಕೀವಾಗದೆ ಮಾಯಿತು. ಹುಡುಗ ಮತ್ತೆ ನಡೆದಾಡಿದನು. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರು ಸೂಕ್ಷ್ಮಜೀವಿಗಳ ಬಗ್ಗೆ ಬರೆದುದನ್ನು ಓದಿ ಲಿಸ್ಟರ್ ಹೀಗೆ ಮಾಡಿದ್ದರು. 1879ರಲ್ಲಿ ಪಾಶ್ಚರ್ ಬಾಣಂತಿ ಜ್ವರಕ್ಕೆ ಕಾರಣವಾದ ರೋಗಾಣುವನ್ನೂ ತೋರಿಸಿಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಅದು ಮಣಿಗಳನ್ನು ಪೋಣಿಸಿದ ಸರದಂತೆ ಕಾಣುತ್ತದೆ. ಕೈಗೆ ಹತ್ತಿ ಬರುವ, ಕಣ್ಣಿಗೆ ಕಾಣದ ಆ ವಸ್ತು ಯಾವುದೆಂದು ಆಗ ಜಗತ್ತಿಗೆ ತಿಳಿಯಿತು. ಸೆಮ್ಮೆಲ್‌ವೈಸರ ಮಾತು ನಿಜವಾಗಿತ್ತು.

ಈಗ ಬಾಣಂತಿ ಜ್ವರ ಬಹಳ ಕಡಿಮೆಯಾಗಿದೆ. ಆದರೆ ಹಸುಗೂಸುಗಳಿಗೆ ರಕ್ತದ ನಂಜಿನ ಅಪಾಯ ಇಂದಿಗೂ ಇದೆ. ಹುಟ್ಟಿದ ಮೊದಲ 28 ದಿನಗಳಲ್ಲಿ ಕೂಸಿನ ಚರ್ಮ ತೆಳುವಾಗಿರುತ್ತದೆ. ರೋಗವನ್ನು ಎದುರಿಸುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳಿಗೆ ಅಪಾಯ ಇನ್ನೂ ಹೆಚ್ಚು. ಇಂಥ ಕೂಸುಗಳನ್ನು ಆಸ್ಪತ್ರೆಯ ವಿಶೇಷ ಕೋಣೆಯಲ್ಲಿ ಇರಿಸುತ್ತಾರೆ. ಹಾಲು, ಔಷಧಿ ಕೊಡಲು ಸಣ್ಣ ಕೊಳವೆಗಳನ್ನು ಜೋಡಿಸುತ್ತಾರೆ. ಶುಚಿಯಿಲ್ಲದ ಕೈ ಆ ಕೊಳವೆಯನ್ನು ಮುಟ್ಟಿದರೆ ರೋಗಾಣುಗಳಿಗೆ ಅದೇ ಬಾಗಿಲಾಗುತ್ತದೆ.

ಆದ್ದರಿಂದ ಅಲ್ಲಿನ ದಾದಿಯರು ಪ್ರತಿ ಕೂಸನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈಗಳನ್ನು ಶುಚಿ ಮಾಡಿಕೊಳ್ಳುತ್ತಾರೆ. ಹೊಕ್ಕುಳ ಬಳ್ಳಿಯನ್ನು ಶುಚಿಯಾಗಿ, ಒಣಗಿರುವಂತೆ ನೋಡಿಕೊಳ್ಳುತ್ತಾರೆ. ಕೂಸಿಗೆ ತಾಯಿಯ ಹಾಲನ್ನೇ ಕೊಡಿಸುತ್ತಾರೆ. ಅದರಲ್ಲಿ ರೋಗವನ್ನು ತಡೆಯುವ ಗುಣವಿದೆ. ಕೂಸು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಬೇಗ ಬೇಗ ಉಸಿರಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ವೈದ್ಯರು ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ರೋಗಾಣುಗಳನ್ನು ಕೊಲ್ಲುವ ಔಷಧಿಯನ್ನು ಸೂಜಿಯ ಮೂಲಕ ರಕ್ತಕ್ಕೆ ಸೇರಿಸುತ್ತಾರೆ. ಇಂಥ ಔಷಧಿಗಳು ಸೆಮ್ಮೆಲ್‌ವೈಸರ ಕಾಲದಲ್ಲಿ ಇರಲಿಲ್ಲ. ಆದರೆ ಕೆಲವು ರೋಗಾಣುಗಳು ಈಗ ಈ ಔಷಧಿಗಳಿಗೂ ಬಗ್ಗುವುದಿಲ್ಲ. ಆದುದರಿಂದ ರೋಗ ಬಂದ ಮೇಲೆ ಗುಣಪಡಿಸುವುದಕ್ಕಿಂತ ಬರದಂತೆ ತಡೆಯುವುದೇ ಮೇಲು.

ನಾವೂ ಊಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಕೂಸನ್ನು ಎತ್ತಿಕೊಳ್ಳುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು. ಅಂಗೈ, ಮುಂಗೈ, ಬೆರಳ ಸಂದು, ಉಗುರುಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಬೇಕು. ಕೈ ತೊಳೆಯುವ ಅಭ್ಯಾಸವನ್ನು ನೆನಪಿಸಲು 2008ರಿಂದ ಪ್ರತಿವರ್ಷ ಅಕ್ಟೋಬರ್ 15ರಂದು ಲೋಕದ ಹಲವು ದೇಶಗಳಲ್ಲಿ ಕೈ ತೊಳೆಯುವ ದಿನವನ್ನು ಆಚರಿಸುತ್ತಾರೆ.

ಬದುಕಿದ್ದಾಗ ಸೆಮ್ಮೆಲ್‌ವೈಸರಿಗೆ ಸಿಗದ ಗೌರವ ಈಗ ಸಿಕ್ಕಿದೆ. ಅವರು ಹುಟ್ಟಿದ ಮನೆ ಇಂದು ವೈದ್ಯಶಾಸ್ತ್ರದ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ಅವರ ಹೆಸರನ್ನಿಟ್ಟರು. ಜನರು ಅವರನ್ನು ತಾಯಂದಿರ ರಕ್ಷಕ ಎಂದು ಕರೆಯುತ್ತಾರೆ. ಅವರು ಸಂಬಳವಿಲ್ಲದೆ ದುಡಿದ ಸಂತ ರೋಕಸ್ ಆಸ್ಪತ್ರೆಯ ಮುಂದೆ 1906ರಲ್ಲಿ ಮಾಡಿದ ಅವರ ಕಲ್ಲಿನ ಪ್ರತಿಮೆ ನಿಂತಿದೆ. ಅದರ ಅಡಿಯಲ್ಲಿ ಕೂಸನ್ನು ಹಿಡಿದ ತಾಯಿಯೊಬ್ಬಳು ಕುಳಿತಿದ್ದಾಳೆ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸೆಮ್ಮೆಲ್‌ವೈಸ್ ಎಲ್ಲಿ, ಯಾವಾಗ ಹುಟ್ಟಿದರು?
2. ಅವರ ತಂದೆಯ ಉದ್ಯೋಗ ಯಾವುದು?
3. ಹೆರಿಗೆ ಕೋಣೆಯ ಬಾಗಿಲಲ್ಲಿ ಅವರು ಏನನ್ನು ಇಡಿಸಿದರು?
4. ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟ ವಿಜ್ಞಾನಿ ಯಾರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೆಂಗಸರು ಒಂದನೆಯ ವಿಭಾಗಕ್ಕೆ ಸೇರಲು ಏಕೆ ಹೆದರುತ್ತಿದ್ದರು?
2. ಗೆಳೆಯನ ಸಾವಿನಿಂದ ಸೆಮ್ಮೆಲ್‌ವೈಸ್ ಏನನ್ನು ತಿಳಿದುಕೊಂಡರು?
3. ಹಿರಿಯ ವೈದ್ಯರು ಅವರ ಮಾತನ್ನು ಏಕೆ ಒಪ್ಪಲಿಲ್ಲ?
4. ಹಸುಗೂಸಿನಲ್ಲಿ ಯಾವ ಲಕ್ಷಣಗಳು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು?

ಇ. ಲೆಕ್ಕ ಮಾಡಿರಿ.
ಒಂದನೆಯ ವಿಭಾಗದಲ್ಲಿ 1846ರಲ್ಲಿ ಸತ್ತ ತಾಯಂದಿರಿಗಿಂತ 1848ರಲ್ಲಿ ಸತ್ತವರು ಎಷ್ಟು ಕಡಿಮೆ?

ಈ. ಚಟುವಟಿಕೆ
ಕೈ ತೊಳೆಯುವ ಸರಿಯಾದ ಕ್ರಮವನ್ನು ಚಿತ್ರಗಳಲ್ಲಿ ಬರೆದು ಶಾಲೆಯ ನಲ್ಲಿಯ ಬಳಿ ತೂಗುಹಾಕಿರಿ.